ಬೀಳುವ ಡ್ರೋನಿಗೆ ಕೈಯೊಡ್ಡಿದ ಮಗಳು

ಮನೆ ಕಟ್ಟಿಸುವಾಗ ಜನ ಬಾಗಿಲು ನೋಡುತ್ತಾರೆ, ಕಿಟಕಿ ನೋಡುತ್ತಾರೆ, ಗೋಡೆಯ ಬಣ್ಣಕ್ಕೆ ವಾರಗಟ್ಟಲೆ ಜಗಳ ಆಡುತ್ತಾರೆ. ಛಾವಣಿಯನ್ನು ಮಾತ್ರ ಕೇಳುವವರಿಲ್ಲ. ಹಾಸಿಗೆಯ ಮೇಲೆ ಟಪ್ ಅಂತ ಒಂದು ಹನಿ ಬಿದ್ದ ಮೇಲೆ ನೋಡಿ, ಎದ್ದೆನೋ ಬಿದ್ದೆನೋ ಅಂತ ಮೇಸ್ತ್ರಿಯ ಮನೆಗೆ ಓಡುತ್ತಾರೆ. “ಎಲ್ಲಿ ಸೋರ್ತಿದೆ?” ಅಂತ ಮೇಸ್ತ್ರಿ ಕೇಳಿದರೆ “ಮೇಲೆ” ಅನ್ನುತ್ತಾರೆ. ಮೇಲೆ ಎಲ್ಲಿ ಅಂತ ಕೇಳಿದರೆ ತಲೆ ಕೆರೆದುಕೊಳ್ಳುತ್ತಾರೆ. ಅದನ್ನು ಹುಡುಕಲು ಯಾರಾದರೊಬ್ಬರು ಏಣಿ ಹತ್ತಲೇಬೇಕು.

ನಮ್ಮ ಈ ಮೇಸ್ತ್ರಿ ಮೂವತ್ತು ವರ್ಷ ಆ ಏಣಿ ಹತ್ತಿದವನು. ತಗಡು, ಹೆಂಚು, ತಾರಸಿ, ಯಾವುದು ಸೋರಿದರೂ ಅವನು ಕೈ ಹಾಕಿದ ಅಂದರೆ ಕೆಲಸ ಮುಗಿಯಿತು ಅಂತಲೇ ಜನರ ನಂಬಿಕೆ. ಒಳ್ಳೆಯ ಕೆಲಸಗಾರ, ಅದರಲ್ಲಿ ಎರಡು ಮಾತಿಲ್ಲ. ಆದರೆ ಇನ್ನೊಬ್ಬರು ಏನಾದರೂ ಹೇಳಿಕೊಡಲು ಬಂದರೆ ಸಾಕು, ಸಿಟ್ಟು ಮೂಗಿನ ತುದಿಗೆ ಬಂದು ಕೂರುತ್ತಿತ್ತು. ಹೋದ ವರ್ಷದಿಂದ ಅವನ ಬಲ ಮಂಡಿ ಕೈಕೊಟ್ಟಿತ್ತು. ಏಣಿಯ ಐದನೇ ಮೆಟ್ಟಿಲು ಮುಟ್ಟುವಷ್ಟರಲ್ಲಿ ಕಣ್ಣಲ್ಲಿ ನೀರು ತುಂಬುತ್ತಿತ್ತು.

ಕೆಳಗೆ ನಿಂತು ಏಣಿ ಹಿಡಿಯುತ್ತಿದ್ದವಳು ಅವನ ಮಗಳು. ವಯಸ್ಸು ಇಪ್ಪತ್ತನಾಲ್ಕು. ಕೈ ಚುರುಕು, ಕಾಲು ಚುರುಕು, ಅದಕ್ಕೇ ಎಲ್ಲರ ಬಾಯಲ್ಲೂ ಚೂಟಿ. ಅಪ್ಪ ಮಗಳು ಕೆಲಸಕ್ಕೆ ನಿಂತರೆ ಒಂದೇ ಒಂದು ಕಟ್ಟಳೆ ಇತ್ತು. ಮೇಲಿನಿಂದ ಜಾರಿದ ಯಾವ ಸಾಮಾನೂ ನೆಲ ಮುಟ್ಟಬಾರದು. ಸುತ್ತಿಗೆ ಜಾರಲಿ, ಹೆಂಚು ಜಾರಲಿ, ಅಪ್ಪ ಮೇಲಿಂದ “ಹಿಡಿ” ಅನ್ನುತ್ತಾನೆ, ಮಗಳು ದಪ್ಪ ಚರ್ಮದ ಕೈಗವಸು ಹಾಕಿದ ಕೈಯೊಡ್ಡಿ ಹಿಡಿಯುತ್ತಾಳೆ. ಏನು, ಯಾಕೆ ಅಂತ ಕೇಳುವ ಹಾಗಿಲ್ಲ. ಕೇಳುತ್ತ ನಿಂತರೆ ಅಷ್ಟರಲ್ಲಿ ಹೆಂಚು ಚೂರಾಗಿರುತ್ತದೆ, ಇಲ್ಲವೇ ಆ ಮನೆಯವರ ತಲೆ ಒಡೆದಿರುತ್ತದೆ. ಎಂಟು ವರ್ಷದಲ್ಲಿ ಚೂಟಿ ಒಂದು ಹೆಂಚನ್ನೂ ಕೆಳಗೆ ಬಿಟ್ಟವಳಲ್ಲ. ಮೇಸ್ತ್ರಿ ಇದನ್ನು ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದ.

ಡ್ರೋನ್ ತರೋಣ ಅಂದವಳೂ ಚೂಟಿಯೇ.

“ಅಪ್ಪ, ಕ್ಯಾಮೆರಾ ಇರೋ ಡ್ರೋನ್ ಮೇಲೆ ಹೋಗಿ ಛಾವಣಿ ಫೋಟೊ ತೆಗೆಯತ್ತೆ. ಎಲ್ಲಿ ಬಿರುಕು, ಎಲ್ಲಿ ತೂತು ಅಂತ ಕೆಳಗೇ ನಿಂತು ನೋಡಬಹುದು. ನೀನು ಹತ್ತೋದೇ ಬೇಡ. ಜಾಗ ಗೊತ್ತಾದ ಮೇಲೆ ನಾನು ಹತ್ತಿ ಮುಚ್ಚಿ ಬರ್ತೀನಿ.”

ಮೇಸ್ತ್ರಿ ಮೊದಲು ನಕ್ಕ. ಆಮೇಲೆ ಮಂಡಿ ನೀವಿಕೊಂಡ. ಮೂರನೇ ದಿನ ಒಪ್ಪಿದ.

ಪೆಟ್ಟಿಗೆ ಬಂದದ್ದು ಒಂದು ಶುಕ್ರವಾರ ಬೆಳಿಗ್ಗೆ. ಮನೆಯ ಮುಂದಿನ ಅಂಗಳವೇ ಅವರ ವರ್ಕ್‌ಶಾಪು. ಒಂದು ಬದಿಗೆ ತಗಡು ಮಡಚುವ ಯಂತ್ರ, ಇನ್ನೊಂದು ಬದಿಗೆ ಸೊಂಟದೆತ್ತರಕ್ಕೆ ಪೇರಿಸಿಟ್ಟ ಹೊಸ ತಗಡಿನ ಹಾಳೆಗಳು, ನೆಲದ ತುಂಬ ಕತ್ತರಿಸಿದ ಚೂರು, ಮೊಳೆ, ಸ್ಕ್ರೂ. ತಗಡು ಕತ್ತರಿಸುವ ಮೇಜಿನ ಹಿಂದೆ ಮೇಸ್ತ್ರಿಯ ಹೆಂಡತಿ. ಅವಳ ಕತ್ತರಿ ಹರಿತವೋ ನಾಲಿಗೆ ಹರಿತವೋ ಅನ್ನುವುದು ಇನ್ನೂ ತೀರ್ಮಾನವಾಗಿಲ್ಲ. ಪೆಟ್ಟಿಗೆಯಿಂದ ಡ್ರೋನ್ ಹೊರಗೆ ಬಂತು. ಒಂದು ಊಟದ ತಟ್ಟೆಯಷ್ಟು ಅಗಲ, ಹತ್ತಿರ ಹತ್ತಿರ ಒಂದು ಕಿಲೋ ತೂಕ, ನಾಲ್ಕು ತೋಳು, ಒಂದೊಂದು ತೋಳಿನ ತುದಿಗೂ ತೆಳ್ಳಗಿನ ಕಪ್ಪು ರೆಕ್ಕೆ.

“ಇದನ್ನ ನೋಡೋಕೆ ಇಷ್ಟು ದಿನ ಕಾಯ್ತಾ ಇದ್ರಾ?” ಅಂದಳು ಹೆಂಡತಿ. “ರೆಕ್ಕೆ ಮುಟ್ಟಿದ್ರೆ ಮುರಿಯೋ ಹಾಗಿದೆ.”

ಅಷ್ಟು ಹೊತ್ತಿಗೆ ಮಹಡಿಯ ಮೆಟ್ಟಿಲಿಳಿದು ಸರ್ವೆ ಮೇಡಂ ಬಂದರು. ಅವರು ಮೇಲಿನ ಮನೆಯಲ್ಲಿ ಬಾಡಿಗೆಗಿದ್ದವರು. ಜಮೀನು ಅಳೆಯುವ ಕೆಲಸ. ಆ ಕೆಲಸಕ್ಕಾಗಿ ಆರು ವರ್ಷದಿಂದ ಡ್ರೋನ್ ಹಾರಿಸುತ್ತಿದ್ದರು.

“ಒಳ್ಳೇ ಡ್ರೋನ್ ಮೇಸ್ತ್ರಿ,” ಅಂದರು. “ಆದರೆ ಇಲ್ಲಿ ಹಾರಿಸಬೇಡಿ. ಭಾನುವಾರ ನನಗೆ ರಜಾ. ಊರಾಚೆ ಖಾಲಿ ಮೈದಾನ ಇದೆಯಲ್ಲ, ಅಲ್ಲಿಗೆ ಹೋಗೋಣ. ನಾಲ್ಕು ವಾರ ನಿಧಾನವಾಗಿ ಕಲಿಸ್ತೀನಿ.”

“ನಾಲ್ಕು ವಾರ ಕಲಿಯೋಕೆ ಇದರಲ್ಲಿ ಏನಿದೆ ಮೇಡಂ? ರಿಮೋಟಲ್ಲಿ ಎರಡು ಕಡ್ಡಿ ಇದೆ. ಒಂದು ಕಡ್ಡಿಗೆ ಮೇಲೆ ಕೆಳಗೆ, ಇನ್ನೊಂದಕ್ಕೆ ಹಿಂದೆ ಮುಂದೆ. ಇಷ್ಟೇ ತಾನೆ?”

“ಇಷ್ಟೇ. ಕಾರಿನಲ್ಲೂ ಒಂದು ಸ್ಟೀರಿಂಗು, ಮೂರು ಪೆಡಲ್ಲು. ಇಷ್ಟೇ.”

ಚೂಟಿ ಕಿಸಕ್ಕನೆ ನಕ್ಕಳು. ಮೇಸ್ತ್ರಿಯ ಮುಖ ಬಿಗಿಯಾಯಿತು. ಮೇಡಂ ಅದನ್ನು ಗಮನಿಸಿ ದನಿ ತಗ್ಗಿಸಿದರು. “ಬೇಜಾರಾಗಬೇಡಿ. ರೆಕ್ಕೆ ತಿರುಗ್ತಿರುವಾಗ ಯಾರೂ ಹತ್ತಿರ ಇರಬಾರದು, ಅದೊಂದು ನೆನಪಿಡಿ. ನಾನು ಬರೋವರೆಗೆ ಬ್ಯಾಟರಿ ಹಾಕೋದೇ ಬೇಡ.”

“ಎರಡು ದಿನ ತಾನೆ ಅಪ್ಪ, ಕಾಯೋಣ,” ಅಂದಳು ಚೂಟಿ.

ಮೇಡಂ ಗೇಟು ದಾಟಿದ ಮೇಲೆ ಮೇಸ್ತ್ರಿ ಗೊಣಗಿದ. “ಛಾವಣಿ ಮೇಲೆ ಮೂವತ್ತು ವರ್ಷ ಓಡಾಡಿದವನಿಗೆ ಆಟದ ಸಾಮಾನು ಆಡಿಸೋಕೆ ಹೇಳ್ಕೊಡ್ತಾರಂತೆ.”

ಆತುರಗಾರನಿಗೆ ಬುದ್ಧಿ ಮಟ್ಟ ಅನ್ನುತ್ತಾರೆ. ಮೇಸ್ತ್ರಿಯ ಆತುರಕ್ಕೆ ಶನಿವಾರ ಮಧ್ಯಾಹ್ನ ಒಂದು ನೆಪವೂ ಸಿಕ್ಕಿತು. ಬೇಕರಿಯವನ ಫೋನು ಬಂತು. ಒಲೆಯ ಮೇಲೇ ಸೋರುತ್ತಿದೆ, ಇವತ್ತೇ ನೋಡಬೇಕು. ಮೇಸ್ತ್ರಿ ಫೋನಿಟ್ಟು ಮಗಳ ಕಡೆ ತಿರುಗಿದ.

“ಇಲ್ಲೇ ಒಂದು ಸಲ ಹಾರಿಸಿ ನೋಡಿಬಿಡೋಣ. ಆಮೇಲೆ ಸೀದಾ ಬೇಕರಿಗೆ.”

“ಮೇಡಂ ಮೇಲೇ ಇದಾರೆ, ಊಟ ಮಾಡ್ತಿರಬೇಕು. ಒಂದು ಮಾತು ಕೇಳೋಣ.”

“ಊಟದ ಮಧ್ಯೆ ಯಾಕೆ ಎಬ್ಬಿಸ್ತೀಯ?”

ಎಂಥ ಸೌಜನ್ಯ ನೋಡಿ. ಊಟಕ್ಕೆ ಕೂತವರನ್ನು ಎಬ್ಬಿಸಬಾರದು ಅನ್ನುವ ಮರ್ಯಾದೆ ಅವನಿಗೆ ಆ ಗಳಿಗೆಯಲ್ಲೇ ನೆನಪಾಯಿತು.

ನೆಲದ ಮೇಲಿಡಲು ಹೋದರೆ ತಗಡಿನ ಚೂರು, ಹೊಸ ಸಾಮಾನಿಗೆ ಗೀರು ಬಿದ್ದೀತು. ಪೇರಿಸಿಟ್ಟ ತಗಡಿನ ಹಾಳೆ ಸಮತಟ್ಟಾಗಿ, ಚೊಕ್ಕಟವಾಗಿ ಹೊಳೆಯುತ್ತಿತ್ತು. ತಗಡಿನವನಿಗೆ ತಗಡಿಗಿಂತ ಒಳ್ಳೆಯ ಜಾಗ ಯಾವುದು? ಡ್ರೋನನ್ನು ಅದರ ಮೇಲೆ ಕೂರಿಸಿದ. ರಿಮೋಟಿಗೆ ಸಿಕ್ಕಿಸಿದ್ದ ಮೊಬೈಲಿನ ಪರದೆಯ ಮೇಲೆ ಕೆಂಪು ಅಕ್ಷರದಲ್ಲಿ ಏನೋ ಮೂಡಿತು.

“ಅಪ್ಪ, ಏನೋ ಎಚ್ಚರಿಕೆ ಕೊಡ್ತಿದೆ.”

“ಮೊಬೈಲಲ್ಲಿ ದಿನಾ ಏನಾದ್ರೂ ಬರ್ತಿರತ್ತೆ. ಒತ್ತಿದ್ರೆ ಹೋಗತ್ತೆ.”

ಒತ್ತಿದ. ಕೆಂಪು ಅಕ್ಷರ ಹೋಯಿತು. ತೊಂದರೆ ಎಲ್ಲಿಗೂ ಹೋಗಿರಲಿಲ್ಲ.

ಡ್ರೋನ್ ಗುಂಯ್ ಅಂತ ಎದ್ದಿತು. ಮಹಡಿ ದಾಟಿತು. ಮೊಬೈಲಿನ ಪರದೆಯಲ್ಲಿ ಅವರದೇ ಮನೆಯ ಛಾವಣಿ ಕನ್ನಡಿಯಲ್ಲಿ ಕಂಡಷ್ಟು ಸ್ಪಷ್ಟವಾಗಿ ಕಂಡಿತು. ಹಿಂಭಾಗದ ಅಡುಗೆಮನೆಯ ತಗಡಿನ ಮೇಲೆ ಅಂಗೈಯಗಲ ತುಕ್ಕು ಹಿಡಿದು ತೂತು ಬಿದ್ದಿತ್ತು.

“ಊರವರ ಸೂರೆಲ್ಲ ಮುಚ್ಚಿ ಬಂದವರ ಮನೆ ಸೂರು ನೋಡಿ,” ಅಂದಳು ಹೆಂಡತಿ, ಮೇಜಿನ ಹಿಂದಿನಿಂದ ಕತ್ತು ಚಾಚಿ. ಮೂವರೂ ನಕ್ಕರು. ಆ ಮನೆಯಲ್ಲಿ ಮತ್ತೆ ನಗು ಕೇಳಿಸಲು ಎಷ್ಟೋ ದಿನ ಬೇಕಾಯಿತು.

ಮೇಸ್ತ್ರಿ ಕಡ್ಡಿ ಮುಟ್ಟಿರಲಿಲ್ಲ. ಆದರೂ ಡ್ರೋನ್ ತಾನಾಗಿಯೇ ಒಂದು ಬದಿಗೆ ಜಾರತೊಡಗಿತು. ಅವನು ಎಡಕ್ಕೆ ತಳ್ಳಿದ. ಅದು ಬಲಕ್ಕೆ ಹೋಯಿತು. ಬಲಕ್ಕೆ ತಳ್ಳಿದ. ಎಡಕ್ಕೆ ಹೋಯಿತು. ಡ್ರೋನಿನ ಮುಖ ಅವನ ಕಡೆ ತಿರುಗಿಬಿಟ್ಟಿತ್ತು. ಎದುರಿಗೆ ನಿಂತವರ ಎಡಗೈ ನಮ್ಮ ಬಲಕ್ಕೆ ಇರುತ್ತದಲ್ಲ, ಹಾಗೆ. ಅದು ಅವನಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲದವನು ಹೆದರಿದರೆ ಏನು ಮಾಡುತ್ತಾನೆ? ಎರಡು ಕಡ್ಡಿಯನ್ನೂ ಬೇಕಾಬಿಟ್ಟಿ ಎಳೆದ. ಡ್ರೋನ್ ರೊಯ್ಯನೆ ಬಂದು ಮಹಡಿ ಮೆಟ್ಟಿಲಿನ ಕಬ್ಬಿಣದ ಕಂಬಿಗೆ ಬಡಿಯಿತು. ಒಂದು ರೆಕ್ಕೆ ಮುರಿದು ಹಾರಿತು. ಉಳಿದ ಮೂರು ರೆಕ್ಕೆ ತಿರುಗುತ್ತಲೇ ಅದು ಅಂಗಳಕ್ಕೆ ಉರುಳತೊಡಗಿತು.

ಬಿದ್ದರೆ ಬೀಳುತ್ತಿತ್ತು. ಕೆಳಗೆ ಯಾರೂ ಇರಲಿಲ್ಲ. ಬರೀ ನೆಲ, ಬರೀ ತಗಡಿನ ಚೂರು. ಆದರೆ ಮೂವತ್ತು ವರ್ಷದ ಅಭ್ಯಾಸ ಮೇಸ್ತ್ರಿಯ ಗಂಟಲಲ್ಲಿ ಕೂತಿತ್ತು. ಯೋಚನೆ ಬರುವ ಮೊದಲೇ ಮಾತು ಬಂತು.

“ಚೂಟಿ, ಹಿಡಿ.”

ಚೂಟಿ ಹಿಡಿದಳು. ಕೈಗವಸು ಗೋಡೆಯ ಮೊಳೆಯಲ್ಲಿ ನೇತಾಡುತ್ತಿತ್ತು. ಬರಿಗೈಯಲ್ಲಿ ಹಿಡಿದಳು.

ಆಮೇಲೆ ಆದದ್ದನ್ನು ಹೇಳಲು ನನಗೂ ನಾಲಿಗೆ ಏಳುವುದಿಲ್ಲ. ಗಾಳಿಯಲ್ಲಿ ಓರೆಯಾದ ಡ್ರೋನ್ ನೆಟ್ಟಗಾಗಲು ಇನ್ನೂ ಜೋರಾಗಿ ರೆಕ್ಕೆ ತಿರುಗಿಸುತ್ತದೆ. ಹಿಡಿದ ಕೈ ಎಳೆದಷ್ಟೂ ಅದರ ಬಲ ಹೆಚ್ಚುತ್ತದೆ. ಬಿಡು ಅನ್ನಬೇಕು ಅಂತ ಮೇಸ್ತ್ರಿಗೆ ಹೊಳೆಯಲಿಲ್ಲ. ರಿಮೋಟು ಕೈಯಲ್ಲೇ ಇತ್ತು, ಮೋಟರು ನಿಲ್ಲಿಸುವುದು ಹೇಗೆ ಅಂತ ಗೊತ್ತಿರಲಿಲ್ಲ. ಮಗಳ ಎರಡು ಕೈಯ ನಡುವಿನಿಂದ ಹೊಳೆಯುವ ತಗಡಿನ ಮೇಲೆ ಕೆಂಪು ಚಿಮ್ಮುವುದನ್ನು ನೋಡುತ್ತ ಕಲ್ಲಾಗಿ ನಿಂತ. ಚೂಟಿ ಕಿರುಚಲೂ ಇಲ್ಲ. “ಅಪ್ಪ, ನಿಲ್ಲಿಸು. ಅಪ್ಪ, ನಿಲ್ಲಿಸು,” ಅಂತ ಮೆಲ್ಲಗೆ ಎರಡು ಸಲ ಅಂದಳು.

ಮೇಲಿನಿಂದ ಸರ್ವೆ ಮೇಡಂ ಎಂಜಲು ಕೈಯಲ್ಲೇ ಓಡಿ ಬಂದರು. ರಿಮೋಟು ಕಿತ್ತುಕೊಂಡು ಎರಡು ಕಡ್ಡಿಯನ್ನೂ ಕೆಳಗೆ ಒಳಮುಖವಾಗಿ ಒತ್ತಿ ಹಿಡಿದರು. ಆ ಡ್ರೋನಿಗೆ ಅದೇ ನಿಲ್ಲಿಸುವ ಕ್ರಮ. ಸದ್ದು ನಿಂತಿತು. ಡ್ರೋನ್ ನೆಲಕ್ಕೆ ಬಿತ್ತು. ಅಷ್ಟು ಹೊತ್ತು ಅದನ್ನು ನೆಲಕ್ಕೆ ಬೀಳಗೊಡದೆ ಹಿಡಿದಿದ್ದಳಲ್ಲ ಹುಡುಗಿ.

“ಶುದ್ಧವಾದ ಬಟ್ಟೆ ತನ್ನಿ,” ಅಂದರು ಮೇಡಂ. ಹೆಂಡತಿ ಕತ್ತರಿ ಹಿಡಿದುಕೊಂಡೇ ನಿಂತಿದ್ದಳು. ಮೇಡಂ ಎರಡನೇ ಸಲ ಕೂಗಿದ ಮೇಲೆ ಒಳಗೆ ಓಡಿ ಒಗೆದಿಟ್ಟ ಟವೆಲ್ಲು ತಂದಳು. ಮೇಡಂ ಗಾಯದ ಮೇಲೆ ಬಟ್ಟೆ ಇಟ್ಟು ಗಟ್ಟಿಯಾಗಿ ಒತ್ತಿದರು, ಚೂಟಿಯ ಕೈಯನ್ನು ಎದೆಗಿಂತ ಎತ್ತರಕ್ಕೆ ಎತ್ತಿ ಹಿಡಿದರು. “ಇದರ ಮೇಲೆ ಏನೂ ಹಾಕಬೇಡಿ, ಏನೂ ಸವರಬೇಡಿ. ಗಾಡಿ ತೆಗೀತೀನಿ, ಹತ್ತಿ.”

ಆಸ್ಪತ್ರೆಯ ಮೊಗಸಾಲೆಯಲ್ಲಿ ಗಂಡ, ಹೆಂಡತಿ, ಮೇಡಂ ಮೂವರೂ ಕೂತರು. ಮೇಸ್ತ್ರಿ ತನ್ನ ಅಂಗಿಯ ತೋಳಿನ ಮೇಲಿನ ಕಲೆಯನ್ನೇ ನೋಡುತ್ತಿದ್ದ. ಎರಡು ಗಂಟೆಯಾದ ಮೇಲೆ ಡಾಕ್ಟರು ಬಂದರು.

“ಎಡಗೈ ಗಾಯ ಬರೀ ಮೇಲ್ಮೇಲೆ ಆಗಿದೆ, ಅದು ವಾಸಿಯಾಗತ್ತೆ. ಬಲಗೈಯಲ್ಲಿ ಮೂರು ಬೆರಳು ಕೊಯ್ದಿದೆ. ಎರಡಕ್ಕೆ ಬರೀ ಹೊಲಿಗೆ ಸಾಕಾಯ್ತು. ತೋರುಬೆರಳಿನದು ಸ್ವಲ್ಪ ಕಷ್ಟ. ಬೆರಳು ಮಡಚೋಕೆ ಒಳಗೆ ಒಂದು ಹುರಿ ಇರತ್ತೆ, ಅದೇ ತುಂಡಾಗಿದೆ. ಜೋಡಿಸಿದೀವಿ.”

“ಮೊದಲಿನ ಹಾಗೆ ಆಗತ್ತಾ ಡಾಕ್ಟ್ರೇ?” ಹೆಂಡತಿ ಕೇಳಿದಳು.

“ಈಗ ಹೇಳೋಕಾಗಲ್ಲ. ಎರಡು ಮೂರು ತಿಂಗಳು ಬೇಕು. ಹುಡುಗಿ ಏನು ಕೆಲಸ ಮಾಡ್ತಾಳೆ?”

“ಛಾವಣಿ ಕೆಲಸ,” ಅಂದ ಮೇಸ್ತ್ರಿ. “ಸುತ್ತಿಗೆ, ಕತ್ತರಿ, ಏಣಿ.”

ಡಾಕ್ಟರು ಕೈಯಲ್ಲಿದ್ದ ಚೀಟಿಯಲ್ಲಿ ಅದನ್ನು ಬರೆದುಕೊಂಡು ಒಳಗೆ ಹೋದರು. ಇನ್ನು ಮುಂದೆ ಏಣಿ ಹತ್ತಬೇಕಾದವಳು ಅವಳೇ. ಮನೆ ನಡೆಯಬೇಕಾದದ್ದು ಆ ಕೈಯಿಂದಲೇ.

ಭಾನುವಾರ ಬೆಳಿಗ್ಗೆ ಮೇಸ್ತ್ರಿ ಹೆಂಡತಿಯ ಜೊತೆ ಮನೆಗೆ ಬಂದವನೇ ಡ್ರೋನನ್ನು ಎತ್ತಿ ತಗಡು ಕತ್ತರಿಸುವ ಮೇಜಿನ ಮೇಲೆ ಹಾಕಿದ. ದೊಡ್ಡ ಕತ್ತರಿ ಕೈಗೆತ್ತಿಕೊಂಡ.

“ಹಾಳು ಸಾಮಾನು. ಮಾಡಿದವರ ಮನೆ ಹಾಳಾಗ. ತಾನಾಗೇ ಓಡ್ತು ಮೇಡಂ, ನಾನು ಮುಟ್ಟೇ ಇರಲಿಲ್ಲ.”

ಸರ್ವೆ ಮೇಡಂ ಮೆಟ್ಟಿಲ ಮೇಲೆ ಕೂತಿದ್ದರು. ರಾತ್ರಿಯಿಡೀ ಆಸ್ಪತ್ರೆಯಲ್ಲಿದ್ದು ಅವರ ಕಣ್ಣೂ ಕೆಂಪಾಗಿತ್ತು. “ಕತ್ತರಿಸಿ. ನಿಮ್ಮ ಸಾಮಾನು, ಬೇಡ ಅನ್ನೋಕೆ ನಾನ್ಯಾರು? ಕತ್ತರಿಸೋಕೆ ಮುಂಚೆ ಇದನ್ನೊಂದು ಸಲ ನೋಡಿ. ಹಾರೋವಾಗೆಲ್ಲ ಅದು ವಿಡಿಯೊ ತೆಗೀತಾ ಇತ್ತು.”

ಡ್ರೋನಿನ ಹೊಟ್ಟೆಯಿಂದ ಉಗುರಿನಷ್ಟು ಚಿಕ್ಕ ಕಾರ್ಡು ತೆಗೆದು ತಮ್ಮ ಲ್ಯಾಪ್‌ಟಾಪಿಗೆ ಹಾಕಿದರು. ಗಂಡ ಹೆಂಡತಿ ಬಗ್ಗಿ ನೋಡಿದರು. ವಿಡಿಯೊದಲ್ಲಿ ಶಬ್ದವಿರಲಿಲ್ಲ. ಛಾವಣಿ ಕಂಡಿತು, ತುಕ್ಕು ಕಂಡಿತು. ಅಂಗಳದಲ್ಲಿ ಮೂವರು ತಲೆಯೆತ್ತಿ ನಗುತ್ತಿದ್ದರು. ಆಮೇಲೆ ಗೋಡೆ, ಆಕಾಶ, ಕಂಬಿ ಎಲ್ಲ ಗಿರಗಿರ ತಿರುಗಿತು. ಕೊನೆಗೆ ಅಂಗಳ ಮೇಲೆದ್ದು ಬರತೊಡಗಿತು. ಅಲ್ಲಿ ಮೇಡಂ ವಿಡಿಯೊ ನಿಧಾನ ಮಾಡಿದರು.

ಚೂಟಿ ದೂರ ನಿಂತಿದ್ದಳು. ಡ್ರೋನ್ ಉರುಳಿದ್ದು ಕಂಡು ಅವಳು ಒಂದು ಹೆಜ್ಜೆ ಹಿಂದೆ ಸರಿದಳು. ಸ್ಪಷ್ಟವಾಗಿ ಕಾಣುತ್ತಿತ್ತು, ಹಿಂದೆ ಸರಿದಳು. ಆಮೇಲೆ ಅವಳ ಮುಖ ಅಪ್ಪನ ಕಡೆ ತಿರುಗಿತು. ಅಪ್ಪನನ್ನು ನೋಡಿದಳು. ನೋಡಿದ ಮೇಲೆ ಮುಂದೆ ಬಂದು ಎರಡು ಕೈ ಚಾಚಿದಳು.

“ಇನ್ನೊಂದ್ಸಲ ಹಾಕಿ,” ಅಂದ ಮೇಸ್ತ್ರಿ.

ಹಾಕಿದರು. ಹಿಂದೆ ಸರಿದಳು, ಅಪ್ಪನನ್ನು ನೋಡಿದಳು, ಮುಂದೆ ಬಂದಳು. ಶಬ್ದವಿಲ್ಲದಿದ್ದರೂ ನಡುವೆ ಬಿದ್ದ ಆ ಒಂದು ಮಾತು ಯಾವುದು ಅಂತ ಮೂವರಿಗೂ ಗೊತ್ತಿತ್ತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮೇಸ್ತ್ರಿ ಕತ್ತರಿ ಕೆಳಗಿಟ್ಟು ಅಲ್ಲೇ ನೆಲದ ಮೇಲೆ, ತಗಡಿನ ಚೂರಿನ ನಡುವೆ ಕೂತುಬಿಟ್ಟ. ಹೆಂಡತಿ ಬಯ್ಯಬೇಕು ಅಂತ ಬಾಯಿ ತೆರೆದವಳು ಅವನ ಮುಖ ನೋಡಿ ಕತ್ತರಿಯನ್ನು ಎತ್ತಿ ದೂರ ಇಟ್ಟಳು.

ಮೇಸ್ತ್ರಿ ಕೂತಲ್ಲಿಂದಲೇ ಕೇಳಿದ. “ನಾನು ಎಲ್ಲೆಲ್ಲಿ ತಪ್ಪಿದೆ ಮೇಡಂ?”

“ಇವತ್ತೇ ಬೇಕಾ?”

“ಇವತ್ತೇ ಹೇಳಿ.”

“ತಗಡಿನ ಮೇಲಿಂದ ಹಾರಿಸಿದ್ರಿ. ಡ್ರೋನ್ ಒಳಗೆ ದಿಕ್ಸೂಚಿ ಇರತ್ತೆ. ಸುತ್ತ ಕಬ್ಬಿಣ ಇದ್ರೆ ಅದಕ್ಕೆ ದಿಕ್ಕು ತಪ್ಪತ್ತೆ. ಅದು ತಾನಾಗಿ ಜಾರಿದ್ದು ಅದಕ್ಕೇ. ಕೆಂಪು ಅಕ್ಷರದಲ್ಲಿ ಬರೆದಿದ್ದೂ ಅದನ್ನೇ. ಇನ್ನೊಂದು, ಹಾರೋ ಮುಂಚೆ ಉಪಗ್ರಹದ ಸಿಗ್ನಲ್ ಸಿಗೋವರೆಗೆ ಕಾಯಬೇಕು. ನೀವು ಕಾಯಲಿಲ್ಲ. ಮೊದಲನೇ ಸಲವೇ ಗೋಡೆ, ಕಂಬಿ, ತಂತಿ ಮಧ್ಯೆ ಹಾರಿಸಿದ್ರಿ. ಜನ ಹತ್ತಿರ ಇದ್ರು.”

“ನಿಲ್ಲಿಸೋದು ಗೊತ್ತಿರಲಿಲ್ಲ,” ಅಂದ ಮೇಸ್ತ್ರಿ.

“ಹೌದು. ಹಾರಿಸೋದು ಕಲಿಯೋ ಮುಂಚೆ ನಿಲ್ಲಿಸೋದು ಕಲೀಬೇಕು.”

“ಹಿಡಿ ಅಂದೆ.”

ಮೇಡಂ ಲ್ಯಾಪ್‌ಟಾಪ್ ಮುಚ್ಚಿದರು.

ನಾಲ್ಕನೇ ದಿನ ಚೂಟಿ ಮನೆಗೆ ಬಂದಳು. ಬಲಗೈಗೆ ಮೊಣಕೈವರೆಗೆ ಪಟ್ಟಿ. ಅಮ್ಮ ತುತ್ತು ಮಾಡಿ ತಿನ್ನಿಸುತ್ತಿದ್ದಳು. ಅಪ್ಪ ಮಗಳ ಮುಖ ನೋಡುವ ಧೈರ್ಯವಿಲ್ಲದೆ ಬಾಗಿಲ ಹೊರಗೆ ನಿಂತಿದ್ದ.

“ಆ ದರಿದ್ರವನ್ನ ಇವತ್ತೇ ಮನೆಯಿಂದಾಚೆ ಹಾಕ್ತೀನಿ,” ಅಂದಳು ಅಮ್ಮ.

“ಹಾಕು. ಆಮೇಲೆ ಛಾವಣಿ ನೋಡೋರ್ಯಾರು?” ಅಂದಳು ಚೂಟಿ. “ನನ್ನ ಕೈ ಹೀಗಿದೆ. ಅಪ್ಪ ಆ ಮಂಡಿ ಇಟ್ಕೊಂಡು ಮತ್ತೆ ಏಣಿ ಹತ್ತುತ್ತಾರೆ. ಇವತ್ತು ನನ್ನ ಬೆರಳು, ನಾಳೆ ಅವರ ಸೊಂಟ. ಡ್ರೋನ್ ಬೇಡ ಅಂತಲ್ಲ ಅಮ್ಮ. ಗೊತ್ತಿಲ್ಲದೆ ಮುಟ್ಟಿದ್ದು ಬೇಡ.”

“ಕಬ್ಬಿಣದ ಸಹವಾಸ ಮಾಡಿಯೇ ಬದುಕಿದೀವಿ, ಇದೊಂದು ಬೇರೆ,” ಅಂತ ಅಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಆದರೆ ಪೆಟ್ಟಿಗೆಯನ್ನು ಆಚೆ ಹಾಕಲಿಲ್ಲ.

ಡ್ರೋನಿನ ಮುರಿದ ರೆಕ್ಕೆಯ ಜೊತೆಗೆ ಉಳಿದ ಮೂರನ್ನೂ ಬದಲಾಯಿಸಿ, ಪರೀಕ್ಷೆ ಮಾಡಿಸಿ ತಂದ ಮೇಲೆ ಮುಂದಿನ ಭಾನುವಾರ ಎಲ್ಲರೂ ಮೈದಾನಕ್ಕೆ ಹೋದರು. ಹಾರಿಸುವ ಮುಂಚೆ ಮೇಡಂ ಮೇಸ್ತ್ರಿಯನ್ನು ಒಂದು ಕಚೇರಿಗೆ ಕರೆದೊಯ್ದಿದ್ದರು. ಡ್ರೋನಿಗೆ ನೋಂದಣಿ ಬೇಕಾ, ಹಾರಿಸುವವರಿಗೆ ಪರವಾನಗಿ ಬೇಕಾ, ಎಲ್ಲಿ ಹಾರಿಸಬಾರದು, ಎಷ್ಟು ಎತ್ತರ ಹೋಗಬಹುದು ಅಂತ ಕೇಳಿ, ಬೇಕಾದ ಕಾಗದ ಮಾಡಿಸಿಕೊಂಡಿದ್ದರು.

“ಒಂದೊಂದು ಕಡೆ ಒಂದೊಂದು ನಿಯಮ. ಯಾರೋ ಹೇಳಿದ್ರು ಅಂತ ನಂಬಬೇಡಿ, ನೀವೇ ಹೋಗಿ ಕೇಳಿ,” ಅಂದರು.

ಮೊದಲನೇ ದಿನ ಏನು ಕಲಿಸಿದರು ಅಂತೀರಿ? ಮರದ ಹಲಗೆಯ ಮೇಲಿಂದ ಎಬ್ಬಿಸುವುದು, ತಲೆಗಿಂತ ಸ್ವಲ್ಪ ಮೇಲೆ ನಿಲ್ಲಿಸುವುದು, ಅಲ್ಲೇ ಇಳಿಸುವುದು. ಮತ್ತೆ ಎಬ್ಬಿಸುವುದು, ಮತ್ತೆ ಇಳಿಸುವುದು. ಮೇಸ್ತ್ರಿ ಮೂವತ್ತು ಸಲ ಮಾಡಿದ. ಒಂದು ಸಲವೂ ಗೊಣಗಲಿಲ್ಲ. ಡ್ರೋನಿನ ಬಾಲ ಯಾವಾಗಲೂ ತನ್ನ ಕಡೆಗೇ ಇಟ್ಟುಕೊಂಡ, ಆಗ ಎಡ ಅಂದರೆ ಎಡ, ಬಲ ಅಂದರೆ ಬಲ. ಕೈ ನಡುಗಿದಾಗ ಕಡ್ಡಿ ಬಿಟ್ಟ. ಕಡ್ಡಿ ಬಿಟ್ಟರೆ ಡ್ರೋನ್ ಇದ್ದಲ್ಲೇ ನಿಲ್ಲುತ್ತಿತ್ತು.

“ಅಯ್ಯೋ, ಅವತ್ತು ಬಿಟ್ಟಿದ್ರೆ ನಿಲ್ತಿತ್ತಾ?” ಅಂದ.

“ಸಿಗ್ನಲ್ ಸರಿ ಇದ್ದಿದ್ರೆ, ದಿಕ್ಸೂಚಿ ಸರಿ ಇದ್ದಿದ್ರೆ ನಿಲ್ತಿತ್ತು. ಹಾರೋ ಮುಂಚೆ ಎರಡೂ ನೋಡೋದು ಅದಕ್ಕೇ.”

ಎರಡನೇ ವಾರ ಮೇಡಂ ಇನ್ನೊಂದು ಗುಂಡಿ ತೋರಿಸಿದರು. ಅದನ್ನು ಒತ್ತಿದರೆ ಡ್ರೋನ್ ಹೊರಟ ಜಾಗಕ್ಕೆ ತಾನೇ ವಾಪಸು ಬರುತ್ತದೆ. “ಆದರೆ ಎಷ್ಟು ಎತ್ತರದಲ್ಲಿ ಬರಬೇಕು ಅಂತ ನೀವು ಮೊದಲೇ ಹೇಳಿರಬೇಕು. ಸುತ್ತ ಇರೋ ಮರ, ಗೋಪುರ, ಕಂಬ ಎಲ್ಲಕ್ಕಿಂತ ಎತ್ತರ ಇಡಿ. ಇಲ್ಲದಿದ್ರೆ ಮನೆಗೆ ಬರೋ ದಾರಿಯಲ್ಲೇ ಡಿಕ್ಕಿ ಹೊಡೆಯತ್ತೆ.” ಬ್ಯಾಟರಿ ನೂರಕ್ಕೆ ಮೂವತ್ತು ಉಳಿದಾಗಲೇ ಇಳಿಸಬೇಕು, ಗಾಳಿ ಜೋರಿದ್ದರೆ ಪೆಟ್ಟಿಗೆಯನ್ನೇ ತೆಗೆಯಬಾರದು, ಪ್ರತಿ ಸಲ ಹಾರಿಸುವ ಮುಂಚೆ ರೆಕ್ಕೆಯಲ್ಲಿ ಸಣ್ಣ ಬಿರುಕೂ ಇಲ್ಲ ಅಂತ ನೋಡಬೇಕು ಅಂತ ಹೇಳಿಕೊಟ್ಟರು.

ಅಮ್ಮನಿಗೂ ಒಂದು ಕೆಲಸ ಸಿಕ್ಕಿತು. ಮೇಸ್ತ್ರಿ ಪರದೆ ನೋಡುವಾಗ ಆಕಾಶ ನೋಡುವವರು ಒಬ್ಬರು ಬೇಕಲ್ಲ. ಅವಳು ಸೊಂಟಕ್ಕೆ ಕೈ ಕೊಟ್ಟು ನಿಂತು ಡ್ರೋನನ್ನು ಕಣ್ಣಲ್ಲೇ ಹಿಡಿದಿಟ್ಟಳು. ಯಾರಾದರೂ ಹತ್ತಿರ ಬಂದರೆ ಅವಳ ನಾಲಿಗೆಯೇ ಬೇಲಿ.

“ಪಕ್ಕದ ಮನೆಯವರ ಕಿಟಕಿ ಕಡೆ ಕ್ಯಾಮೆರಾ ತಿರುಗಿಸಿದ್ರೆ ನಾನೇ ಕಲ್ಲು ಹೊಡೀತೀನಿ,” ಅಂತ ಗಂಡನಿಗೂ ಹೇಳಿದಳು. ಮೇಡಂ ನಗುತ್ತ “ಅದೂ ನಿಯಮವೇ ಅಕ್ಕ. ಯಾರದೇ ಮನೆ ಮೇಲೆ ಹಾರಿಸೋ ಮುಂಚೆ ಅವರನ್ನ ಕೇಳಬೇಕು” ಅಂದರು.

ಮೂರನೇ ವಾರ ಒಂದು ಸಲ ಡ್ರೋನ್ ಹಲಗೆಯ ಅಂಚಿಗೆ ಇಳಿದು ವಾಲಿತು. ಚೂಟಿ ಪಟ್ಟಿ ಕಟ್ಟಿದ ಕೈಯನ್ನೇ ಮುಂದೆ ಚಾಚಿಬಿಟ್ಟಳು. ಅಷ್ಟು ದೂರದಲ್ಲಿದ್ದವಳು, ಕೈ ತಾನಾಗಿ ಚಾಚಿಕೊಂಡಿತು. ಮೇಸ್ತ್ರಿ ಅದನ್ನು ನೋಡಿದ. ಮೋಟರು ನಿಲ್ಲಿಸಿ, ರಿಮೋಟು ಕೆಳಗಿಟ್ಟು, ಮೈದಾನದ ಅಂಚಿಗೆ ಹೋಗಿ ಬೆನ್ನು ತಿರುಗಿಸಿ ನಿಂತ. ಅವತ್ತು ಮತ್ತೆ ಹಾರಿಸಲಿಲ್ಲ.

ಹನ್ನೆರಡು ವಾರವಾದ ಮೇಲೆ ಡಾಕ್ಟರು ಚೂಟಿಯ ಕೈಯನ್ನು ಮೇಜಿನ ಮೇಲೆ ಇರಿಸಿ “ಎಲ್ಲಿ, ಮುಷ್ಟಿ ಮಾಡಮ್ಮ” ಅಂದರು. ಕಿರುಬೆರಳು ಮಡಚಿತು. ಉಂಗುರದ ಬೆರಳು, ನಡುಬೆರಳು ಮಡಚಿತು. ತೋರುಬೆರಳು ಅರ್ಧಕ್ಕೆ ಬಂದು ನಿಂತಿತು. ಚೂಟಿ ಹಲ್ಲು ಕಚ್ಚಿ ಮತ್ತೆ ಪ್ರಯತ್ನಿಸಿದಳು. ಅರ್ಧಕ್ಕೇ ನಿಂತಿತು.

“ವ್ಯಾಯಾಮ ಬಿಡಬೇಡ. ಇನ್ನು ಸ್ವಲ್ಪ ಬರಬಹುದು,” ಅಂದರು ಡಾಕ್ಟರು. “ಪೂರ್ತಿ ಬರತ್ತೆ ಅಂತ ನಾನು ಸುಳ್ಳು ಹೇಳಲ್ಲ.”

ಮೇಸ್ತ್ರಿ ಎದ್ದ. ಹೊರಗೆ ಬಂದು ಬೆಂಚಿನ ಮೇಲೆ ಕೂತ. ಚೂಟಿ ಪಕ್ಕದಲ್ಲಿ ಕೂತಳು.

“ಸುತ್ತಿಗೆ ಎಡಗೈಲಿ ಹಿಡಿಯೋದು ಕಲೀತೀನಿ ಬಿಡು,” ಅಂದಳು.

“ನಿನಗೆ ಗೊತ್ತಾಗಿತ್ತು,” ಅಂದ ಮೇಸ್ತ್ರಿ. “ವಿಡಿಯೊದಲ್ಲಿ ನೋಡಿದೆ. ನೀನು ಹಿಂದೆ ಸರಿದಿದ್ದೆ. ಅಪಾಯ ಅಂತ ನಿನಗೆ ಗೊತ್ತಾಗಿತ್ತು. ಮತ್ತೆ ಯಾಕೆ ಮುಂದೆ ಬಂದೆ ಮಗಳೇ?”

ಚೂಟಿ ತನ್ನ ತೋರುಬೆರಳನ್ನು ಎಡಗೈಯಿಂದ ಮೆಲ್ಲಗೆ ಮಡಚಿದಳು.

“ನೀನು ಹೇಳಿದ್ಯಲ್ಲ ಅಪ್ಪ,” ಅಂದಳು.

ಅಕ್ಕಂದಿರೇ, ಅಣ್ಣಂದಿರೇ, ಇದನ್ನು ಓದುತ್ತಿರುವ, ಕೇಳುತ್ತಿರುವ ನೀವೆಲ್ಲ ಒಂದು ಗಳಿಗೆ ನಿಲ್ಲಿ. ಡ್ರೋನ್ ಕೆಟ್ಟದ್ದಲ್ಲ. ಈಗ ಆ ಮನೆಯವರು ಅದರಿಂದಲೇ ಛಾವಣಿ ನೋಡುತ್ತಾರೆ, ಮೇಸ್ತ್ರಿ ಏಣಿ ಹತ್ತುವುದಿಲ್ಲ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅನ್ನುತ್ತಾರಲ್ಲ, ಇಪ್ಪತ್ತನಾಲ್ಕು ವರ್ಷ ಬೆಳೆಸಿದ ಕೈಯನ್ನು ಕೆಡಿಸಲು ಒಂದು ನಿಮಿಷವೂ ಬೇಕಾಗಲಿಲ್ಲ. ನೀವೂ ಕೊಳ್ಳಿ, ಹಾರಿಸಿ, ಆದರೆ ಬಲ್ಲವರ ಹತ್ತಿರ ಕಲಿತು ಹಾರಿಸಿ. ನಿಮ್ಮೂರಿನ ನಿಯಮ ಕೇಳಿಕೊಳ್ಳಿ. ಖಾಲಿ ಬಯಲಿಗೆ ಹೋಗಿ, ಕಬ್ಬಿಣದಿಂದ ದೂರ ಇಡಿ, ಪರದೆಯ ಮೇಲಿನ ಎಚ್ಚರಿಕೆಯನ್ನು ಓದದೆ ಒತ್ತಬೇಡಿ. ಜನರ ಮೇಲೆ ಹಾರಿಸಬೇಡಿ, ಕಣ್ಣಿಗೆ ಕಾಣದಷ್ಟು ದೂರ ಕಳಿಸಬೇಡಿ. ಮೊದಲು ನಿಲ್ಲಿಸುವುದನ್ನು ಕಲಿಯಿರಿ.

ಡ್ರೋನ್ ಬೀಳುವಾಗ ಯಾರೂ ಕೈಯೊಡ್ಡಬೇಡಿ. ಎಷ್ಟೇ ಹೊಸದಿರಲಿ, ಎಷ್ಟೇ ಇಷ್ಟದ್ದಿರಲಿ, ಬಿದ್ದು ಚೂರಾಗಲಿ. ಮುರಿದ ರೆಕ್ಕೆ ಅಂಗಡಿಯಲ್ಲಿ ಸಿಗುತ್ತದೆ. ಈ ಮಾತನ್ನು ಇವತ್ತೇ ನಿಮ್ಮ ಮಕ್ಕಳಿಗೆ ಹೇಳಿ. ಅವರು ನಿಮ್ಮ ಮಾತು ಕೇಳುತ್ತಾರೆ.